ಎಡಗಡೆಯ ಮೂವತ್ತು ಕೋಳಿಗಳು

ಕೋಳಿಯ ಉಸಿರು ಎಣಿಸುವುದು ಕಷ್ಟದ ಕೆಲಸವಲ್ಲ. ಬಿಸಿಲು ಏರಿದಾಗ ಅದು ರೆಕ್ಕೆಗಳನ್ನು ಮೈಯಿಂದ ಸ್ವಲ್ಪ ದೂರ ಹಿಡಿದು, ಕೊಕ್ಕು ತೆರೆದು ನಿಲ್ಲುತ್ತದೆ. ಗಂಟಲಿನ ಚರ್ಮ ಮೇಲೆ ಕೆಳಗೆ ಆಡುತ್ತದೆ. ಕೈಗಡಿಯಾರ ನೋಡಿಕೊಂಡು ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಆಯಿತು. ಎಂ.ಎಸ್ಸಿ. ಎರಡನೆಯ ವರ್ಷದ ಬೇಸಿಗೆಯಲ್ಲಿ ದಿನಾ ಮಧ್ಯಾಹ್ನ ಎರಡು ಗಂಟೆಗೆ ನಾನು ಮಾಡುತ್ತಿದ್ದದ್ದು ಇದನ್ನೇ. ಹರವೆಯಲ್ಲಿ ಬಸ್ಸಿಳಿದು ಒಳಗೆ ನಡೆದು ಹೋಗಬೇಕಾದ ಒಂದು ಊರಿನಲ್ಲಿ, ಚಿಕ್ಕಮ್ಮನ ಕೋಳಿಮನೆಯ ನೆಲದ ಮೇಲೆ ಗೋಣಿಚೀಲ ಹಾಸಿಕೊಂಡು ಕೂತು.

ತೊಂಬತ್ತರ ದಶಕದ ನಡುವಿನ ಮಾತು. ಚಾಮರಾಜನಗರ ಆಗಿನ್ನೂ ಮೈಸೂರು ಜಿಲ್ಲೆಯ ಒಂದು ತಾಲ್ಲೂಕು. ನಮ್ಮ ಮನೆ ಅಲ್ಲಿ. ಅಪ್ಪನದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತಿಕೆ. ನಾನು ಮೈಸೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಪ್ರಾಣಿಶಾಸ್ತ್ರ ಓದುತ್ತಿದ್ದೆ. ಕೊನೆಯ ವರ್ಷಕ್ಕೆ ಒಂದು ಕಿರುಪ್ರಬಂಧ ಬರೆಯಬೇಕಿತ್ತು. ಅದರ ವಿಷಯ ನನ್ನದಲ್ಲ, ಚಿಕ್ಕಮ್ಮನದು. ಇದನ್ನು ಈಗ ಇಷ್ಟು ಸುಲಭವಾಗಿ ಬರೆಯುತ್ತಿದ್ದೇನೆ. ಆಗ ಎಲ್ಲಿಯೂ ಬರೆಯಲಿಲ್ಲ.

ಅದರ ಹಿಂದಿನ ವರ್ಷ ಯುಗಾದಿಗೆ ಅವಳ ಮನೆಗೆ ಹೋಗಿದ್ದಾಗ ನೋಡಿದ್ದೆ. ಗುಂಡ್ಲುಪೇಟೆಯಿಂದ ತಂದ ಒಣಗಿದ ಬೆಟ್ಟದ ನೆಲ್ಲಿಯನ್ನು ಅವಳು ಹಿಂದಿನ ದಿನವೇ ನೆನೆಹಾಕಿ, ಬೆಳಿಗ್ಗೆ ಆ ನೀರಿಗೆ ಒಂದು ಚೂರು ಬೆಲ್ಲ, ಒಂದು ಚಿಟಿಕೆ ಉಪ್ಪು ಸೇರಿಸಿ ತನ್ನ ನಾಲ್ಕಾರು ನಾಟಿಕೋಳಿಗಳ ಮುಂದೆ ಇಡುತ್ತಿದ್ದಳು. ಮಧ್ಯಾಹ್ನಕ್ಕೆ ಹುಳಿ ಮಜ್ಜಿಗೆಯಲ್ಲಿ ಸಣ್ಣ ಈರುಳ್ಳಿ ಹೆಚ್ಚಿ ಹಾಕಿ ಕೊಡುತ್ತಿದ್ದಳು. ಯಾಕೆಂದು ಕೇಳಿದೆ.

"ಬಾಯ್ ಬುಡ್ತಾವೆ ಕಣಮ್ಮಿ ಬಿಸ್ಲಿಗೆ. ವಸಿ ತಂಪಾಗ್ಲಿ ಅಂತ."

ಮೈಸೂರಿಗೆ ಹಿಂದಿರುಗಿ ಗ್ರಂಥಾಲಯದಲ್ಲಿ ಹುಡುಕಿದೆ. ಸೆಕೆಯ ಒತ್ತಡಕ್ಕೆ ಸಿಕ್ಕ ಕೋಳಿಯ ಮೈಯಲ್ಲಿ ಸಿ ಜೀವಸತ್ವ ಸಾಲದಾಗುತ್ತದೆಂದು ಪುಸ್ತಕ ಹೇಳಿತು. ನೆಲ್ಲಿಯಲ್ಲಿ ಅದು ಹೇರಳವಾಗಿದೆ ಎಂದು ಇನ್ನೊಂದು ಪುಸ್ತಕ ಹೇಳಿತು. ಎರಡನ್ನೂ ಜೋಡಿಸಿದವಳು ನಾನೇ ಎಂಬಂತೆ ಅಂದು ಸಂಜೆ ಹಾಸ್ಟೆಲಿನ ತಾರಸಿಯ ಮೇಲೆ ಬಹಳ ಹೊತ್ತು ತಿರುಗಾಡಿದೆ. ಪ್ರಬಂಧದ ಪ್ರಸ್ತಾವದಲ್ಲಿ 'ಸಾಂಪ್ರದಾಯಿಕವಾಗಿ ಬಳಕೆಯಲ್ಲಿರುವ ಕೆಲವು ಸಸ್ಯಮೂಲಗಳು' ಎಂದು ಬರೆದೆ. ಮಾರ್ಗದರ್ಶನ ಮಾಡುತ್ತಿದ್ದ ಮೇಡಂ ಓದಿ, "ಐಡಿಯಾ ಚೆನ್ನಾಗಿದೆ. ಆದರೆ ಏನೂ ಕೊಡದೇ ಇರೋ ಒಂದು ಗುಂಪು ಇರಬೇಕು, ಎರಡರ ನಡುವೆ ವ್ಯತ್ಯಾಸ ಕಾಣಬೇಕು. ಇಲ್ಲದಿದ್ದರೆ ನೀನು ಬರೆಯೋದು ಪ್ರಬಂಧ ಅಲ್ಲ, ಅಡುಗೆ ಪುಸ್ತಕ" ಅಂದರು.

ಆ ವರ್ಷವೇ ಚಿಕ್ಕಮ್ಮ ರೇಷ್ಮೆಹುಳ ಸಾಕುವುದನ್ನು ಬಿಟ್ಟಿದ್ದಳು. ಹುಳದ ಮನೆ ಖಾಲಿಯಾಗಿತ್ತು. ಅದರೊಳಗೆ ಸುಧಾರಿತ ತಳಿಯ ಅರವತ್ತು ಮರಿಗಳನ್ನು ತಂದು ಬಿಟ್ಟಿದ್ದಳು. ನಾನು ಹೋಗುವ ಹೊತ್ತಿಗೆ ಅವು ಬೆಳೆದು, ಇನ್ನೇನು ಮೊಟ್ಟೆಗೆ ಬರುವಂತಿದ್ದವು. ಹೊಲ ಚಿಕ್ಕಪ್ಪನದು, ಹುಳ ಸಾಕಿದ್ದೂ ಚಿಕ್ಕಪ್ಪನ ಹೆಸರಿನಲ್ಲಿ. ತನ್ನದು ಎಂದು ಹೇಳಿಕೊಳ್ಳಲು ಅವಳಿಗೆ ಮೊದಲು ಸಿಕ್ಕಿದ್ದು ಈ ಕೋಳಿಗಳು. ಚಿಕ್ಕಪ್ಪ ಜಗಲಿಯ ಮೇಲೆ ಕೂತು, "ಹುಳದ್ ಮನೆ ತುಂಬಾ ಕ್ವಾಳಿ ತುಂಬ್ಕೊಂಡವ್ಳೆ. ಬ್ಯಾಸ್ಗೆ ದಾಟ್ಸುದ್ರೆ ಆಮ್ಯಾಕೆ ಏಳು ಮಾತ" ಎಂದು ನನಗೆ ಹೇಳಿದ್ದು ಅವಳಿಗೂ ಕೇಳಿಸಿತ್ತು. ಅಂಥ ಕೋಳಿಗಳನ್ನು ಅವಳು ನಾನು ಕೇಳಿದ ತಕ್ಷಣ ಪ್ರಯೋಗಕ್ಕೆ ಕೊಟ್ಟಳು.

ಪಕ್ಕದ ಮನೆಯ ಇಬ್ಬರು ಹೆಂಗಸರು ಬೇಸಿಗೆಯಿಡೀ ಚಿಕ್ಕಮ್ಮನ ಪಡಸಾಲೆಯಲ್ಲಿ ಹುಣಸೆಹಣ್ಣು ಬಿಡಿಸಲು ಬರುತ್ತಿದ್ದರು. ನಾನು ಏನು ಓದುತ್ತಿದ್ದೇನೆಂದು ಅವರಿಗೆ ತಿಳಿಯಬೇಕಿತ್ತು.

"ಕೋಳಿಗಳಿಗೆ ಆಗೋ ಒತ್ತಡ. ಸ್ಟ್ರೆಸ್" ಅಂದೆ.

"ಟೆನ್ಸನ್ನಾ?" ಹಿರಿಯವಳು ಕತ್ತಿಯ ಮೇಲಿಂದ ತಲೆಯೆತ್ತಿದಳು. "ಅವ್ಕೇನಮ್ಮಿ ಟೆನ್ಸನ್ನು. ಮದ್ವೆಗ್ ಬಂದ ಮಗ್ಳು ಅವ್ಳಾ ಅವ್ರ ಮನೇಲಿ?"

ಇನ್ನೊಬ್ಬಳು ನನ್ನತ್ತ ನೋಡಿ ನಕ್ಕಳು. ಚಿಕ್ಕಮ್ಮ, "ಸುಮ್ಕಿರಿ ಅತ್ಲಾಗೆ, ಓದೋ ಉಡ್ಗಿ" ಅಂದಳು. ಅವಳ ದನಿಯಲ್ಲಿ ಜಂಬ ಇತ್ತು.

ಹುಳ ಗೂಡು ಕಟ್ಟಲು ಬಳಸುವ ಬಿದಿರಿನ ಚಂದ್ರಿಕೆಗಳು ಅಟ್ಟದ ಮೇಲೆ ಹಾಗೇ ಇದ್ದವು. ಅವನ್ನು ಇಳಿಸಿ, ಒಂದರ ಪಕ್ಕ ಒಂದು ನಿಲ್ಲಿಸಿ, ಕೋಳಿಮನೆಯನ್ನು ಎರಡು ಮಾಡಿದೆವು. ಬಲಗಡೆ ಮೂವತ್ತು, ಎಡಗಡೆ ಮೂವತ್ತು. ಬಲಗಡೆಯವಕ್ಕೆ ನೆಲ್ಲಿಪುಡಿಯನ್ನು ಕ್ಯಾಮೆರಾ ರೀಲಿನ ಡಬ್ಬಿಯಲ್ಲಿ ಅಳೆದು ನೀರಿಗೆ ಹಾಕುವುದು. ಎಡಗಡೆಯವಕ್ಕೆ ಹಾಕುವುದಿಲ್ಲ.

"ಅಂಗಾರೆ ಇವ್ಕೆ?" ಚಿಕ್ಕಮ್ಮ ಎಡಗಡೆ ನೋಡುತ್ತ ಕೇಳಿದಳು.

"ಬರೀ ನೀರು."

"ಮಜ್ಗೆ?"

"ಬೇಡ."

"ವಸಿ ಈರುಳ್ಳಿ?"

"ಏನೂ ಬೇಡ ಚಿಕ್ಕಮ್ಮ. ಏನೂ ಕೊಡದೇ ಇದ್ದರೇನೇ ಗೊತ್ತಾಗೋದು."

ಅವಳು ಹೂಂ ಅಂದಳು. ಅವಳ ಹೂಂ ಅನ್ನು ನಾನು ಒಪ್ಪಿಗೆ ಎಂದುಕೊಂಡೆ.

ಆ ಮನೆಯ ಒಂದು ಕ್ರಮ ನನಗೆ ಚಿಕ್ಕಂದಿನಿಂದ ಗೊತ್ತಿತ್ತು. ಊಟಕ್ಕೆ ಸಾಲಾಗಿ ಕೂತ ಮೇಲೆ ಒಬ್ಬರಿಗೆ ಬಡಿಸಿದ್ದನ್ನು ಇನ್ನೊಬ್ಬರಿಗೆ ಬಿಡುವಂತಿರಲಿಲ್ಲ. ಕಳೆ ಕೀಳಲು ಬಂದವರಿಗೂ ಅದೇ ಸಾರು, ನೆಂಟರಿಗೂ ಅದೇ ಸಾರು. ತುಪ್ಪ ಸಾಲದಿದ್ದ ದಿನ ಚಿಕ್ಕಮ್ಮ ತುಪ್ಪವನ್ನು ಒಳಗಿನಿಂದ ತರುತ್ತಲೇ ಇರಲಿಲ್ಲ. ಇದೆಲ್ಲ ಗೊತ್ತಿದ್ದೂ ಚಂದ್ರಿಕೆಯ ಸಂದಿಯಿಂದ ಒಂದಕ್ಕೊಂದು ಕಾಣುವ ಹಾಗೆ ಎರಡು ಸಾಲು ಕೂರಿಸಿದ್ದೆ. ಒಂದು ಸಾಲಿಗೆ ಬಡಿಸಬೇಡ ಎಂದು ಅವಳಿಗೇ ಹೇಳಿದ್ದೆ.

ಮೂರು ವಾರ ಉಸಿರು ಎಣಿಸಿದೆ, ತೂಕ ನೋಡಿದೆ. ವ್ಯತ್ಯಾಸವೇ ಬರಲಿಲ್ಲ. ಎಡಗಡೆಯವೂ ಬಲಗಡೆಯವಷ್ಟೇ ಚುರುಕಾಗಿದ್ದವು. ಚಿಕ್ಕಮ್ಮ ಪ್ರತಿ ಸಂಜೆ ಬಂದು, "ಎಲ್ಲಾ ಚೆಂದಾಗವೆ ಅಲ್ವಾ?" ಎಂದು ಕೇಳುವಳು. ಚೆನ್ನಾಗಿವೆ ಎಂಬುದೇ ನನ್ನ ತೊಂದರೆ ಎಂದು ಹೇಗೆ ಹೇಳುವುದು? ಪುಸ್ತಕ ತಪ್ಪೋ, ನಾನು ತಪ್ಪೋ ಗೊತ್ತಾಗದೆ ನಿದ್ದೆ ಕೆಟ್ಟಿತು. ಪ್ರಬಂಧ ಕೊಡದಿದ್ದರೆ ವರ್ಷ ಹೋಗುತ್ತದೆ. ವರ್ಷ ಹೋದರೆ ಅಪ್ಪ ಮನೆಗೆ ಕರೆಸುತ್ತಾರೆ, ಮುಂದಿನದು ಮದುವೆಯ ಮಾತು.

ನಾಲ್ಕನೆಯ ವಾರದ ಮೊದಲಲ್ಲಿ ಒಂದು ಬೆಳಿಗ್ಗೆ ಎಂದಿಗಿಂತ ಬೇಗ ಕೋಳಿಮನೆಗೆ ಹೋದೆ. ಎಡಗಡೆ ನೀರಿಗೆ ಇಟ್ಟಿದ್ದು ಹಳೆಯದೊಂದು ಕಬ್ಬಿಣದ ಬಾಣಲೆ. ಅದರಲ್ಲಿ ನೀರು ಶಾಯಿಯ ಹಾಗೆ ಕಪ್ಪಾಗಿತ್ತು. ನೆಲ್ಲಿಯ ಒಗರು ಕಬ್ಬಿಣಕ್ಕೆ ತಾಗಿದರೆ ನೀರು ಕಪ್ಪಾಗುತ್ತದೆ ಎಂದು ಹೈಸ್ಕೂಲಿನಲ್ಲಿ ಓದಿದವರಿಗೂ ಗೊತ್ತು. ಅಂದರೆ ಅಲ್ಲಿಯವರೆಗೆ ಚಿಕ್ಕಮ್ಮ ನಾನು ಏಳುವ ಮೊದಲೇ ನೆಲ್ಲಿನೀರು ಕೊಟ್ಟು, ಅವು ಕುಡಿದ ಮೇಲೆ ಬಾಣಲೆ ತೊಳೆದು, ಬರೀ ನೀರು ತುಂಬಿಸಿ ಇಡುತ್ತಿದ್ದಳು.

ನಾನು ಕಾಯಬಹುದಿತ್ತು. ಅವಳೊಬ್ಬಳೇ ಇದ್ದಾಗ ಕೇಳಬಹುದಿತ್ತು. ಹುಣಸೆಹಣ್ಣಿನ ಮುಂದೆ ಮೂವರೂ ಕೂತಿದ್ದಾಗ ಆ ಬಾಣಲೆಯನ್ನು ಎತ್ತಿಕೊಂಡು ಹೋಗಿ ಪಡಸಾಲೆಯ ನಡುವೆ ಇಟ್ಟೆ.

"ಇದೇನು ಚಿಕ್ಕಮ್ಮ?"

ಅವಳು ಬಾಣಲೆ ನೋಡಿದಳು, ನನ್ನ ಮುಖ ನೋಡಿದಳು. "ಸಾಲಾಗ್ ಕೂತವೆ ಕಣಮ್ಮಿ. ಅವು ಕುಡಿಯಾವಾಗ ಇವು ಸಂದೀಲಿ ಕತ್ತು ತೂರ್ಸ್ಕೊಂಡು ನೋಡ್ತವೆ. ಎಂಗೆ ಬುಡದು?"

"ಮೂರು ವಾರ ಹಾಳು ಮಾಡಿದೆ. ನಿನಗೆ ಅರ್ಥ ಆಗಲ್ಲ ಅಂದರೆ ಹೇಳಿದಷ್ಟು ಮಾಡಬೇಕಿತ್ತು. ಅಷ್ಟೂ ಆಗಲಿಲ್ಲವಾ?"

ನಾನು ಜೋರಾಗಿ ಮಾತಾಡುವವಳಲ್ಲ. ಆಗಲೂ ಜೋರಾಗಿ ಹೇಳಲಿಲ್ಲ. ನಿಧಾನವಾಗಿ, ಒಂದೊಂದು ಮಾತನ್ನೂ ಬಿಡಿಸಿ ಬಿಡಿಸಿ ಹೇಳಿದೆ. ಹೆಂಗಸರಿಬ್ಬರೂ ತಲೆ ತಗ್ಗಿಸಿ ಹುಣಸೆಬೀಜ ತೆಗೆಯತೊಡಗಿದರು. ಚಿಕ್ಕಮ್ಮ ಎದ್ದು ಸೆರಗಿನಿಂದ ಕೈ ಒರೆಸಿಕೊಂಡಳು. "ನಿನ್ ಪರೀಕ್ಸೆ ಇದ್ರ ಮ್ಯಾಲೇ ನಿಂತದಾ?" ಎಂದು ಕೇಳಿದಳು. ಹೌದು ಅಂದೆ. "ಅಂಗಾರೆ ಇನ್ಮ್ಯಾಕೆ ಕೊಡಕಿಲ್ಲ ಬುಡು."

ಅಷ್ಟಕ್ಕೆ ಬಿಟ್ಟಿದ್ದರೆ ಸಾಕಿತ್ತು. ಆದರೆ ಅವಳ ಮಾತು ನನಗೆ ಸಾಲಲಿಲ್ಲ. "ನನ್ನ ತಲೆ ಮುಟ್ಟಿ ಹೇಳು" ಅಂದೆ.

ಆಣೆಯಲ್ಲಿ ನನಗೆ ನಂಬಿಕೆ ಇರಲಿಲ್ಲ. ಹಾಸ್ಟೆಲಿನಲ್ಲಿ ಯಾರಾದರೂ ತಾಯಾಣೆ ಎಂದರೆ ನಗುತ್ತಿದ್ದೆ. ಅವಳಿಗೆ ನಂಬಿಕೆ ಇದೆ ಎಂಬುದು ಗೊತ್ತಿತ್ತು, ಅದಕ್ಕೇ ಕೇಳಿದೆ. ತಲೆ ಮುಟ್ಟಿ ಇಟ್ಟ ಆಣೆ ಮುರಿದರೆ ಕೇಡು ಇಟ್ಟವರಿಗಲ್ಲ, ಆ ತಲೆಗೆ. ಅವಳಿಗೆ ಮಕ್ಕಳಿರಲಿಲ್ಲ. ನನ್ನ ತಲೆಗೆ ಎಣ್ಣೆ ಹಚ್ಚಿ ಬೆಳೆಸಿದ್ದು ಅಮ್ಮನಿಗಿಂತ ಅವಳೇ ಹೆಚ್ಚು. ಕೈ ಎತ್ತಲು ಸ್ವಲ್ಪ ತಡ ಮಾಡಿದಳು. ಆಮೇಲೆ ನನ್ನ ನಡುನೆತ್ತಿಯ ಮೇಲೆ ಅಂಗೈ ಇಟ್ಟು, ಎಡಗಡೆಯ ಕೋಳಿಗಳಿಗೆ ನೀರು, ಕಾಳು ಬಿಟ್ಟು ಬೇರೇನೂ ಕೊಡುವುದಿಲ್ಲ ಎಂದು ಹೇಳಿದಳು. ಹುಣಸೆಯ ಅಂಟು ಕೂದಲಿಗೆ ಹತ್ತಿತು. ಮಧ್ಯಾಹ್ನ ತಲೆ ತೊಳೆದುಕೊಂಡೆ.

ಹಿಂದಿನ ಮೂರು ವಾರದ ಅಂಕಿಗಳನ್ನು ಹರಿದು ಹಾಕಿ ಹೊಸ ಪುಟದಿಂದ ಶುರು ಮಾಡಿದೆ. ನಾಲ್ಕೈದು ದಿನಗಳಲ್ಲೇ ಎಡಗಡೆಯ ಉಸಿರು ಏರಿತು. ಪುಸ್ತಕ ಹೇಳಿದ ಹಾಗೇ ಆಗುತ್ತಿತ್ತು. ನನಗೆ ಮತ್ತೆ ನಿದ್ದೆ ಬಂತು.

ಹೊಸ ಎಣಿಕೆಯ ಎರಡನೆಯ ವಾರದಲ್ಲಿ ಒಂದು ದಿನ ಮೇಡಂಗೆ ಎಸ್‌ಟಿಡಿ ಮಾಡಿ ಹೇಳಬೇಕೆಂದು ಗುಂಡ್ಲುಪೇಟೆಗೆ ಹೋದೆ. ನೆಲ್ಲಿಯೂ ಮುಗಿಯುತ್ತ ಬಂದಿತ್ತು. ಗುಂಡ್ಲುಪೇಟೆಯ ಬಸ್‌ ನಿಲ್ದಾಣದ ಎದುರು ಕೇರಳದ ಲಾರಿಗಳು ತರಕಾರಿ ತುಂಬಿಸಿಕೊಳ್ಳುತ್ತಿದ್ದವು. ರಸ್ತೆಯ ಟಾರು ಚಪ್ಪಲಿಗೆ ಅಂಟುತ್ತಿತ್ತು. ಆ ಬೇಸಿಗೆಯಲ್ಲಿ ಅಂಥ ಬಿಸಿಲನ್ನು ನಾನು ಕಂಡಿರಲಿಲ್ಲ. ಬೂತಿನಲ್ಲಿ ಸರದಿ ಕಾಯುತ್ತ ನಿಂತಾಗ ನನಗೆ ಬಂದ ಯೋಚನೆ ಚೆನ್ನಾಗಿ ನೆನಪಿದೆ: ಇವತ್ತು ಒಳ್ಳೆಯ ಅಂಕಿ ಸಿಗುತ್ತಿತ್ತು, ನಾನೇ ಇಲ್ಲವಲ್ಲ. ಮೇಡಂ ಖುಷಿಪಟ್ಟರು. ಇನ್ನೂ ಎಂಟು ದಿನ ಮುಂದುವರಿಸು ಎಂದರು. ಮೂರು ಗಂಟೆಯ ಬಸ್ಸು ಇತ್ತು. ಅದನ್ನು ಬಿಟ್ಟು ಅಂಗಡಿಯೊಂದರಲ್ಲಿ ಫ್ಯಾನಿನ ಕೆಳಗೆ ಕೂತು ನಿಂಬೆ ಸೋಡಾ ಕುಡಿದು ಮುಂದಿನ ಬಸ್ಸಿಗೆ ಹೊರಟೆ.

ಊರು ಮುಟ್ಟಿದಾಗ ಬಿಸಿಲು ಇಳಿದಿತ್ತು. ಚಿಕ್ಕಮ್ಮ ಕೋಳಿಮನೆಯ ಹೊಸಿಲಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ ಮಣ್ಣಿನ ಪಾತ್ರೆ. ಅದರಲ್ಲಿ ಮಜ್ಜಿಗೆ, ಮೇಲೆ ಈರುಳ್ಳಿ ಚೂರುಗಳು ತೇಲುತ್ತಿದ್ದವು. ಮೇಲೆ ತಿಳಿ ನಿಂತಿತ್ತು, ಒಂದು ಹನಿಯೂ ಖರ್ಚಾಗಿರಲಿಲ್ಲ. ಒಳಗೆ ಗೋಡೆಗಳಿಗೆಲ್ಲ ನೆನೆಸಿದ ಗೋಣಿ ತೂಗುಹಾಕಿದ್ದಳು. ಅಂಗಳದಲ್ಲಿ ಒಂದು ಚೀಲದ ಮೇಲೆ ಸತ್ತ ಕೋಳಿಗಳನ್ನು ಸಾಲಾಗಿ ಮಲಗಿಸಿದ್ದಳು.

"ಎಷ್ಟು?" ಎಂದೆ. ನನ್ನ ಬಾಯಿಂದ ಮೊದಲು ಬಂದ ಮಾತು ಅದು.

"ಎಡಕ್ಕೆ ಒಂಬತ್ತು. ಬಲಕ್ಕೆ ಎಲ್ಡು."

ಜಗಲಿಯಿಂದ ಚಿಕ್ಕಪ್ಪ, "ಕೊಟ್ಬುಡು ಕೊಟ್ಬುಡು ಅಂತ ನಾನೂ ಬಡ್ಕಂಡೆ. ಕಲಸ್ಕೊಂಡ್ ಬಂದ್ಲು, ಒಳೀಕ್ ಓಯ್ತಾಳೆ, ಬತ್ತಾಳೆ, ಓಯ್ತಾಳೆ, ಬತ್ತಾಳೆ. ಕೊಡ್ನಿಲ್ಲ" ಎಂದ.

ಚಿಕ್ಕಮ್ಮ ಅವನತ್ತ ನೋಡಲಿಲ್ಲ. "ನಿನ್ ತಲೆ ಮ್ಯಾಲೆ ಕೈ ಮಡ್ಗಿದ್ನಲ್ಲಮ್ಮಿ" ಎಂದಳು ನನಗೆ. "ನೀನ್ ನೋಡುದ್ರೆ ಬಸ್ನಾಗ್ ಓಗಿದ್ದೀಯ. ಎಂಗ್ ಕೊಡ್ಲಿ."

ನನ್ನ ಬಸ್ಸು ಕ್ಷೇಮವಾಗಿ ಊರು ಸೇರಲಿ ಎಂದು ಅವಳು ಒಂದೊಂದಾಗಿ ತನ್ನ ಕೋಳಿಗಳು ಬೀಳುವುದನ್ನು ನೋಡುತ್ತ ಕೂತಿದ್ದಳು. ಅದು ನನಗೆ ಆ ಕ್ಷಣವೇ ಅರ್ಥವಾಯಿತು. ಅರ್ಥವಾದ ಮೇಲೂ ನಾನು ಮಾಡಿದ್ದು, ಕೈಚೀಲದಿಂದ ನೋಟುಪುಸ್ತಕ ತೆಗೆದು 'ಎಡ 9, ಬಲ 2' ಎಂದು ಬರೆದದ್ದು. ಬರೆಯುವಾಗ ನನಗೆ ಸಂತೋಷವಾಯಿತು. ಇದಕ್ಕೆ ಬೇರೆ ಪದ ಹುಡುಕಿ ನೋಡಿದ್ದೇನೆ: ಸಮಾಧಾನ, ನಿರಾಳ, ಹಗುರ. ಯಾವುದೂ ಸರಿಯಲ್ಲ. ಸಂತೋಷವೇ. ಅದು ಮುಖದ ಮೇಲೂ ಬಂದಿರಬೇಕು. ತಲೆಯೆತ್ತಿದಾಗ ಚಿಕ್ಕಮ್ಮ ನನ್ನನ್ನೇ ನೋಡುತ್ತಿದ್ದವಳು ಮೆಲ್ಲಗೆ ಬೇರೆ ಕಡೆ ನೋಡಿದಳು, ನೋಡಬಾರದ್ದನ್ನು ನೋಡಿದವರ ಹಾಗೆ.

ಚಿಕ್ಕಪ್ಪ, ಚಿಕ್ಕಮ್ಮ ಸೇರಿ ಹಿಪ್ಪುನೇರಳೆ ಗಿಡಗಳ ಬದಿಯಲ್ಲಿ ಗುಂಡಿ ತೆಗೆದು ಹನ್ನೊಂದನ್ನೂ ಹೂತರು. ಕೈಕಾಲು ತೊಳೆದು ಒಳಗೆ ಬಂದ ಮೇಲೆ ಅವಳು ನನ್ನ ಹತ್ತಿರ ಬಂದು ಕೂತಳು.

"ನಾಳೀಕೂ ಇದೇ ಬಿಸ್ಲು ಕಣಮ್ಮಿ. ಗೊತ್ತಾಯ್ತಲ್ಲ ನಿಂಗೆ, ಬರ್ಕೊಂಡೂ ಆಯ್ತಲ್ಲ. ಆಣೆ ಬುಡ್ಸು. ಇಪ್ಪತ್ತೊಂದು ಅವೆ ಇನ್ನೂವೆ."

ಅವಳು ಬೇಡಿದ್ದು ಅದೊಂದೇ. ನಾನು ಹೂಂ ಅಂದಿದ್ದರೆ ಆ ಹೊತ್ತೇ ಮುಗಿಯುತ್ತಿತ್ತು. ನನ್ನ ಹತ್ತಿರ ಆಗಲೇ ಒಂದು ಪ್ರಬಂಧಕ್ಕೆ ಸಾಕಾಗುವಷ್ಟು ಅಂಕಿಗಳಿದ್ದವು.

"ಇನ್ನು ಎಂಟು ದಿನ ಚಿಕ್ಕಮ್ಮ" ಅಂದೆ. "ಮೇಡಂ ಹೇಳಿದ್ದಾರೆ."

ಅವಳು ಇನ್ನೊಮ್ಮೆ ಕೇಳಲಿಲ್ಲ. ಮರುದಿನ ಹುಣಸೆ ಬಿಡಿಸುವ ಹೆಂಗಸರು ಮಾತ್ರ ಕೇಳಿದರು.

"ಯಾವ್ ಕಡೇವ್ ಪಾಸಾದೊ ಅಮ್ಮಿ?"

ಈ ಸಲ ಯಾರೂ ನಗಲಿಲ್ಲ. ಸುಮ್ಮನಿರಿ ಎಂದು ಚಿಕ್ಕಮ್ಮನೂ ಹೇಳಲಿಲ್ಲ.

ಆ ಎಂಟು ದಿನ ಅವಳು ದಿನಕ್ಕೆ ಹತ್ತು ಸಲ ಬಾವಿಯಿಂದ ತಣ್ಣೀರು ಸೇದಿ ಎಡಗಡೆಯ ನೀರು ಬದಲಾಯಿಸುತ್ತಿದ್ದಳು. ನೀರಿಗೆ ಆಣೆ ಇರಲಿಲ್ಲ. ಗೋಣಿಗಳನ್ನು ಒಣಗಲು ಬಿಡುತ್ತಿರಲಿಲ್ಲ. ಬಲಗಡೆಯವಕ್ಕೆ ನೆಲ್ಲಿನೀರು ಇಡುವ ಕೆಲಸ ಮಾತ್ರ ನನಗೆ ಬಿಟ್ಟಳು. ಆ ಹೊತ್ತಿಗೆ ಒಳಗೆ ಬರುತ್ತಿರಲಿಲ್ಲ. ನಾನು ಉಸಿರು ಎಣಿಸಿದೆ. ಎಡಗಡೆ ಇನ್ನೂ ನಾಲ್ಕು ಸತ್ತವು. ಅವನ್ನೂ ಬರೆದುಕೊಂಡೆ. ನಾಲ್ಕನೆಯದು ಸತ್ತಾಗ ಸಂತೋಷ ಆಗಲಿಲ್ಲ ಎಂದು ಹೇಳಿದರೆ ನಂಬಬೇಕಾಗಿಲ್ಲ.

ಒಂಬತ್ತನೆಯ ದಿನ ಬೆಳಿಗ್ಗೆ, "ಮುಗೀತು ಚಿಕ್ಕಮ್ಮ, ಇನ್ನು ಕೊಡಬಹುದು" ಅಂದೆ.

"ಇಂಗಲ್ಲ. ನನ್ ಕೈಯ ನಿನ್ ತಲೆ ಮ್ಯಾಲೆ ಮಡಿಕೊಂಡು ಏಳು."

ಅವಳ ಕೈ ಹಿಡಿದು ನೆತ್ತಿಯ ಮೇಲೆ ಇಟ್ಟುಕೊಂಡೆ. ಬೆರಳುಗಳು ಒದ್ದೆಯಾಗಿದ್ದವು. ನೆಲ್ಲಿನೀರು ಆಗಲೇ ಕಲಸಿಟ್ಟು ಬಂದಿದ್ದಳು. ಆಣೆ ಬಿಡಿಸಿದ್ದೇನೆ ಎಂದು ನಾನು ಹೇಳಿ ಮುಗಿಸುವ ಮೊದಲೇ ಕೈ ಎಳೆದುಕೊಂಡು ಕೋಳಿಮನೆಗೆ ಓಡಿದಳು. ಎಡಗಡೆ ಹದಿನೇಳು ಉಳಿದಿದ್ದವು.

ಪ್ರಬಂಧ ಬರೆಯುವಾಗ ಇನ್ನೊಂದು ವಿಷಯ ನನಗೆ ಗೊತ್ತಿತ್ತು. ಮೊದಲ ದಿನದಿಂದಲೂ ಗೊತ್ತಿತ್ತು. ಎಡಗಡೆ ಇದ್ದದ್ದು ಪಡುವಣ ಗೋಡೆ. ಮಧ್ಯಾಹ್ನದ ನಂತರದ ಬಿಸಿಲೆಲ್ಲ ಆ ಗೋಡೆಗೇ ಹೊಡೆಯುತ್ತಿತ್ತು. ಮೊದಲ ಮೂರು ವಾರ ಬಿಸಿಲು ಅಷ್ಟಿರಲಿಲ್ಲ, ಆಮೇಲೆ ಸಂಜೆ ಮುಟ್ಟಿದರೆ ಒಲೆಯ ಹಾಗೆ ಬಿಸಿ. ವಾರಕ್ಕೊಮ್ಮೆ ಎರಡು ಗುಂಪುಗಳನ್ನು ಅದಲು ಬದಲು ಮಾಡಬೇಕಿತ್ತು. ಹಾಗೆ ಮಾಡಿದರೆ ವ್ಯತ್ಯಾಸ ಕಡಿಮೆ ಬರಬಹುದೆಂದು ಮಾಡಲಿಲ್ಲ. ಹಾಗಾಗಿ ಆ ಹದಿಮೂರು ಕೋಳಿಗಳು ಸತ್ತದ್ದು ನೆಲ್ಲಿ ಇಲ್ಲದ್ದರಿಂದಲೋ, ಗೋಡೆಯಿಂದಲೋ, ನಾನು ಹೇಳಲಾರೆ. ಯಾರೂ ಹೇಳಲಾರರು. ಚಿಕ್ಕಮ್ಮನಿಗೆ ಇದನ್ನು ಇಂದಿಗೂ ಹೇಳಿಲ್ಲ. ಅವು ಏನನ್ನೋ ತೋರಿಸಿ ಸತ್ತವು ಎಂದಾದರೂ ಅವಳಿಗೆ ಇರಲಿ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ನಿಜವಾಗಿ ಹೇಳದಿರುವುದು ಅದಕ್ಕಲ್ಲ. ಪ್ರಬಂಧದಲ್ಲಿ ಗೋಡೆಯ ಮಾತಿಲ್ಲ, ಹರಿದುಹಾಕಿದ ಮೂರು ವಾರದ ಮಾತಿಲ್ಲ. 'ಕೋಳಿಗಳನ್ನು ಸ್ಥಳೀಯ ರೈತ ಮಹಿಳೆಯೊಬ್ಬರಿಂದ ಪಡೆಯಲಾಯಿತು' ಎಂದಿದೆ.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಇಬ್ಬರು ಪರೀಕ್ಷಕರು ಬಂದಿದ್ದರು. ಹಿರಿಯರು, ಸೌಮ್ಯವಾಗಿ ಮಾತಾಡುವವರು. ಕೋಷ್ಟಕಗಳನ್ನು ಮೆಚ್ಚಿದರು. ಅವರಲ್ಲೊಬ್ಬರು ಕನ್ನಡಕ ತೆಗೆದು ಒರೆಸುತ್ತ ಒಂದು ಪ್ರಶ್ನೆ ಕೇಳಿದರು.

"ಹಳ್ಳಿಯಲ್ಲಿ ಮಾಡಿದ್ದೀರಿ. ಕೋಳಿ ನೋಡಿಕೊಳ್ಳೋ ಹೆಂಗಸು ಎರಡನೇ ಗುಂಪಿಗೆ ಏನೂ ಕೊಡಲಿಲ್ಲ ಅಂತ ಹೇಗೆ ಖಾತ್ರಿ ಮಾಡಿಕೊಂಡಿರಿ?"

"ಅವರು ಓದಿದವರಲ್ಲ ಸರ್" ಅಂದೆ. "ಆದರೆ ಹೇಳಿದರೆ ಕೇಳ್ತಾರೆ."

ಇಬ್ಬರೂ ನಕ್ಕರು. ಮೇಡಂ ಕೂಡ ನಕ್ಕರು. ನಾನೂ ಅವರ ಜೊತೆ ನಕ್ಕೆ.